ಎಂಆರ್‌ಐ ಕೊಳವೆಯೊಳಗೆ ಚಲನಚಿತ್ರ

ಎಂಆರ್‌ಐ ಪರೀಕ್ಷೆಗೆ ಒಳಗಾಗುವ ರೋಗಿ ಮಾಡಬೇಕಾದ ಕೆಲಸ ಒಂದೇ: ಅಲುಗಾಡದೆ ಮಲಗಿರುವುದು. ಹೇಳಲು ಸುಲಭ, ಮಾಡಲು ಕಷ್ಟ. 60ರಿಂದ 70 ಸೆಂಟಿಮೀಟರ್ ವ್ಯಾಸದ ಕೊಳವೆಯೊಳಗೆ, ಕಿವಿಗಡಚಿಕ್ಕುವ ಸದ್ದಿನ ನಡುವೆ, ಸಾಮಾನ್ಯವಾಗಿ 20ರಿಂದ 45 ನಿಮಿಷ ಹೀಗಿರಬೇಕು. ಇಕ್ಕಟ್ಟಿನ ಜಾಗದ ಭಯವಿರುವ ದೊಡ್ಡವರೂ ಅರ್ಧದಲ್ಲೇ ಹೊರಗೆ ಬರಲು ಹಂಬಲಿಸುತ್ತಾರೆ. ಇನ್ನು ನಾಲ್ಕೈದು ವರ್ಷದ ಮಗುವಿನ ಪಾಡೇನು?

ಮಗುವಿಗೆ ಒಂದು ಕಾರ್ಟೂನ್ ತೋರಿಸಿದರೆ ಅದು ಮೈಮರೆತು ನೋಡುತ್ತದೆ ಎಂಬುದು ಎಲ್ಲ ಮನೆಗಳಲ್ಲೂ ಕಂಡ ಸಂಗತಿ. ಹಾಗಾದರೆ ಎಂಆರ್‌ಐ ಕೊಠಡಿಯಲ್ಲಿ ಒಂದು ಟಿವಿ ಇಟ್ಟುಬಿಡಬಾರದೇಕೆ? ಈ ಸರಳ ಪ್ರಶ್ನೆಗೆ ಉತ್ತರ ಹುಡುಕುತ್ತ ಹೋದರೆ ಪ್ರೌಢಶಾಲೆಯ ಕಾಂತತ್ವ ಮತ್ತು ವಿದ್ಯುತ್ತಿನ ಪಾಠಗಳೆಲ್ಲ ಒಂದೆಡೆ ಸೇರುತ್ತವೆ.

ಅಲುಗಿದರೆ ಏನಾಗುತ್ತದೆ?

ಎಂಆರ್‌ಐ ಎಂದರೆ ಕಾಂತೀಯ ಅನುರಣನ ಚಿತ್ರಣ. ಪಾಲ್ ಲಾಟರ್ಬರ್ 1973ರಲ್ಲಿ ಇದರ ಮೂಲ ವಿಧಾನವನ್ನು ಪ್ರಕಟಿಸಿದರು. ಅವರಿಗೂ ಪೀಟರ್ ಮ್ಯಾನ್ಸ್‌ಫೀಲ್ಡ್‌ ಅವರಿಗೂ 2003ರ ವೈದ್ಯವಿಜ್ಞಾನದ ನೊಬೆಲ್ ಪ್ರಶಸ್ತಿ ದೊರೆಯಿತು. ನಮ್ಮ ದೇಹದ ನೀರು ಮತ್ತು ಕೊಬ್ಬಿನಲ್ಲಿರುವ ಹೈಡ್ರೊಜನ್ ಪರಮಾಣುಗಳ ಬೀಜಕೇಂದ್ರಗಳು, ಅಂದರೆ ಪ್ರೋಟಾನ್‌ಗಳು, ಪ್ರಬಲ ಕಾಂತಕ್ಷೇತ್ರದಲ್ಲಿ ಒಂದು ನಿರ್ದಿಷ್ಟ ಆವೃತ್ತಿಯ ರೇಡಿಯೊ ತರಂಗವನ್ನು ಹೀರಿ, ಬಳಿಕ ಅದೇ ಆವೃತ್ತಿಯ ಕ್ಷೀಣ ಸಂಕೇತವನ್ನು ಹೊಮ್ಮಿಸುತ್ತವೆ. ಈ ಸಂಕೇತಗಳನ್ನು ಸಾಲು ಸಾಲಾಗಿ ಸಂಗ್ರಹಿಸಿ, ಗಣಿತದ ನೆರವಿನಿಂದ ಚಿತ್ರ ಕಟ್ಟಲಾಗುತ್ತದೆ.

ಛಾಯಾಚಿತ್ರದಲ್ಲಿ ಕೈ ಅಲುಗಿದರೆ ಕೈ ಮಾತ್ರ ಮಸುಕಾಗುತ್ತದೆ. ಎಂಆರ್‌ಐನಲ್ಲಿ ಹಾಗಲ್ಲ. ಪ್ರತಿ ಸಾಲಿನ ಸಂಕೇತದಲ್ಲೂ ಇಡೀ ಚಿತ್ರದ ಮಾಹಿತಿ ಹಂಚಿಹೋಗಿರುತ್ತದೆ. ಆದ್ದರಿಂದ ತಲೆ ಕೆಲವೇ ಮಿಲಿಮೀಟರ್ ಸರಿದರೂ ಚಿತ್ರದ ಉದ್ದಕ್ಕೂ ಭೂತಛಾಯೆಗಳು ಮೂಡುತ್ತವೆ. ಪರೀಕ್ಷೆಯನ್ನು ಮತ್ತೆ ಮಾಡಬೇಕಾಗುತ್ತದೆ.

ಈ ಕಾರಣಕ್ಕೆ ಚಿಕ್ಕ ಮಕ್ಕಳಿಗೆ ಮಂಪರು ಬರಿಸುವ ಔಷಧ ಅಥವಾ ಪೂರ್ಣ ಅರಿವಳಿಕೆ ಕೊಡುವುದು ರೂಢಿ. ಅದಕ್ಕೆ ಮಗು ಹಸಿದಿರಬೇಕು. ಅರಿವಳಿಕೆ ತಜ್ಞರು ಇರಬೇಕು. ಉಸಿರಾಟ, ನಾಡಿಗಳನ್ನು ಗಮನಿಸುತ್ತಲೇ ಇರಬೇಕು. ಮೂರು ವರ್ಷದೊಳಗಿನ ಮಕ್ಕಳಿಗೆ ಇಂತಹ ಔಷಧಗಳನ್ನು ದೀರ್ಘಕಾಲ ಅಥವಾ ಪದೇ ಪದೇ ಕೊಡುವುದರಿಂದ ಮಿದುಳಿನ ಬೆಳವಣಿಗೆಗೆ ತೊಂದರೆಯಾಗಬಹುದೆಂದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 2016ರಲ್ಲಿ ಎಚ್ಚರಿಸಿತು. ಎಂಆರ್‌ಐ ಒಳಗೆ ವಿಡಿಯೊ ತೋರಿಸಿದಾಗ ಮಂಪರು ಔಷಧ ಬೇಕಾಗುವ ಮಕ್ಕಳ ಸಂಖ್ಯೆ ಗಮನಾರ್ಹವಾಗಿ ಇಳಿಯಿತೆಂದು ಅಲ್ಲಿನದೇ ಒಂದು ಅಧ್ಯಯನ 2001ರಲ್ಲಿ ವರದಿ ಮಾಡಿತ್ತು. ಆದುದರಿಂದ ಇಲ್ಲಿ ಚಲನಚಿತ್ರ ಬರಿಯ ಮನರಂಜನೆಯಲ್ಲ, ಔಷಧವೊಂದಕ್ಕೆ ಬದಲಿ.

ಮೊದಲ ತೊಡಕು: ಸದಾ ಜಾಗೃತವಾಗಿರುವ ಕಾಂತ

ಆಸ್ಪತ್ರೆಗಳಲ್ಲಿ ಹೆಚ್ಚಾಗಿ ಕಾಣುವ ಯಂತ್ರಗಳ ಕಾಂತಕ್ಷೇತ್ರ 1.5 ಅಥವಾ 3 ಟೆಸ್ಲಾ. ಭೂಮಿಯ ಕಾಂತಕ್ಷೇತ್ರ ಸುಮಾರು 50 ಮೈಕ್ರೊಟೆಸ್ಲಾ ಎಂದಿಟ್ಟುಕೊಂಡರೆ 1.5 ಟೆಸ್ಲಾ ಅದರ 30,000 ಪಟ್ಟು. ಈ ಕ್ಷೇತ್ರವನ್ನು ಉಂಟುಮಾಡುವ ಅತಿವಾಹಕ ಸುರುಳಿ ದ್ರವ ಹೀಲಿಯಮ್‌ನಿಂದ ಸುಮಾರು -269 ಡಿಗ್ರಿ ಸೆಲ್ಸಿಯಸ್‌ನಲ್ಲಿರುತ್ತದೆ. ಪರೀಕ್ಷೆ ನಡೆಯದಿದ್ದಾಗಲೂ, ರಾತ್ರಿಯ ಹೊತ್ತೂ ಕಾಂತ ತನ್ನ ಕೆಲಸ ಮಾಡುತ್ತಲೇ ಇರುತ್ತದೆ.

ಹಳೆಯ ಮಾದರಿಯ ಟಿವಿಯ ಚಿತ್ರನಳಿಕೆಯಲ್ಲಿ ಎಲೆಕ್ಟ್ರಾನ್ ದೂಲವನ್ನು ಕಾಂತಕ್ಷೇತ್ರದಿಂದಲೇ ಬಾಗಿಸಿ ಚಿತ್ರ ಬರೆಯುತ್ತಿದ್ದರು. ಹೊರಗಿನ ಪ್ರಬಲ ಕ್ಷೇತ್ರ ಆ ದೂಲವನ್ನು ಎಲ್ಲೆಲ್ಲಿಗೋ ಎಳೆದೊಯ್ಯುತ್ತದೆ. ಎಲ್‌ಸಿಡಿ ಪರದೆಗೆ ಈ ತೊಂದರೆಯಿಲ್ಲ. ಆದರೆ ಅದಕ್ಕೆ ವಿದ್ಯುತ್ ಒದಗಿಸುವ ಭಾಗದಲ್ಲಿರುವ ಟ್ರಾನ್ಸ್‌ಫಾರ್ಮರ್‌ನ ಫೆರೈಟ್ ತಿರುಳು ಕಾಂತೀಯವಾಗಿ ಪರ್ಯಾಪ್ತಗೊಂಡು ಕೆಲಸ ನಿಲ್ಲಿಸಬಹುದು. ಧ್ವನಿವರ್ಧಕದೊಳಗೆ ಶಾಶ್ವತ ಕಾಂತವೇ ಇದೆ. ಎಲ್ಲಕ್ಕಿಂತ ಮಿಗಿಲಾಗಿ, ಉಕ್ಕಿನ ಭಾಗಗಳಿರುವ ಯಾವ ಸಾಧನವೂ ಇಲ್ಲಿ ಬಾಣವಾಗಬಲ್ಲದು. 2018ರ ಜನವರಿಯಲ್ಲಿ ಮುಂಬಯಿಯ ಆಸ್ಪತ್ರೆಯೊಂದರಲ್ಲಿ ಆಮ್ಲಜನಕದ ಸಿಲಿಂಡರ್ ಸಮೇತ ಎಂಆರ್‌ಐ ಕೊಠಡಿಗೆ ಹೋದ ವ್ಯಕ್ತಿಯೊಬ್ಬರು ಪ್ರಾಣ ಕಳೆದುಕೊಂಡರು.

ಎರಡನೆಯ ತೊಡಕು: ಪಿಸುಮಾತಿನಂತಹ ಸಂಕೇತ

ಪ್ರೋಟಾನ್‌ಗಳ ಅನುರಣನ ಆವೃತ್ತಿ ಪ್ರತಿ ಟೆಸ್ಲಾಗೆ 42.58 ಮೆಗಾಹರ್ಟ್ಸ್. ಅಂದರೆ 1.5 ಟೆಸ್ಲಾದಲ್ಲಿ ಸುಮಾರು 64, 3 ಟೆಸ್ಲಾದಲ್ಲಿ ಸುಮಾರು 128 ಮೆಗಾಹರ್ಟ್ಸ್. ನಮ್ಮ ಎಫ್‌ಎಂ ಬಾನುಲಿ ಕೇಂದ್ರಗಳ ಪಟ್ಟಿ (88ರಿಂದ 108) ಇವೆರಡರ ನಡುವೆ ಇದೆ. ದೇಹದಿಂದ ಬರುವ ಸಂಕೇತವಂತೂ ಅತ್ಯಂತ ಕ್ಷೀಣ. ಹೊರಗಿನ ರೇಡಿಯೊ ಗದ್ದಲದಲ್ಲಿ ಅದು ಮುಳುಗದಿರಲೆಂದು ಇಡೀ ಕೊಠಡಿಗೆ, ನೆಲ ಮತ್ತು ಚಾವಣಿಯೂ ಸೇರಿ, ತಾಮ್ರದಂತಹ ಲೋಹದ ಹಾಳೆ ಹೊದಿಸುತ್ತಾರೆ. ಮೈಕೆಲ್ ಫ್ಯಾರಡೆ 1836ರಲ್ಲಿ ಮಾಡಿ ತೋರಿಸಿದ ಲೋಹದ ಪಂಜರವೇ ಇದು.

ಈ ಪಂಜರದೊಳಗೆ ಟಿವಿ ಇಟ್ಟರೆ ಗದ್ದಲದ ಮೂಲವನ್ನೇ ಒಳಗೆ ಕರೆತಂದಂತೆ. ಡಿಜಿಟಲ್ ಮಂಡಲಗಳ ಸ್ಪಂದನಗಳು ಮೂಲ ಆವೃತ್ತಿಯ ಜೊತೆಗೆ ಅದರ ಗುಣಕಗಳನ್ನೂ ಹೊಮ್ಮಿಸುತ್ತವೆ. ಉದಾಹರಣೆಗೆ 21.3 ಮೆಗಾಹರ್ಟ್ಸ್‌ನಲ್ಲಿ ಮಿಡಿಯುವ ಮಂಡಲದ ಮೂರನೆಯ ಗುಣಕ 63.9, ಪ್ರೋಟಾನ್‌ಗಳು ಮಾತಾಡುವ ಆವೃತ್ತಿಯೇ ಅದು! ಪರಿಣಾಮವಾಗಿ ಚಿತ್ರದ ಮೇಲೆ ಜಿಪ್ಪಿನ ಹಲ್ಲುಗಳಂತಹ ಗೆರೆ ಮೂಡುತ್ತದೆ. ಹೊರಗಿನಿಂದ ಕೇಬಲ್ ಎಳೆದರೂ ಅದೇ ಕತೆ. ಗೋಡೆ ದಾಟುವ ತಂತಿ ಆಂಟೆನಾದಂತೆ ವರ್ತಿಸಿ ಹೊರಗಿನ ಗದ್ದಲವನ್ನು ಒಳಕ್ಕೆ ಸಾಗಿಸುತ್ತದೆ.

ಗೋಡೆ ದಾಟುವ ಬಗೆ

ಪರಿಹಾರದ ಕೀಲಿ ಇರುವುದು ತರಂಗದೂರದಲ್ಲಿ. 64 ಮೆಗಾಹರ್ಟ್ಸ್ ರೇಡಿಯೊ ತರಂಗದ ಉದ್ದ ಸುಮಾರು 4.7 ಮೀಟರ್. ಬೆಳಕಿನದು ಒಂದು ಮಿಲಿಮೀಟರಿನ ಸಾವಿರದ ಒಂದು ಭಾಗಕ್ಕಿಂತಲೂ ಕಡಿಮೆ. ಹೀಗಾಗಿ ರೇಡಿಯೊವನ್ನು ತಡೆದು ಬೆಳಕನ್ನು ಮಾತ್ರ ಬಿಡುವ ದ್ವಾರಗಳನ್ನು ಮಾಡಲು ಸಾಧ್ಯ.

ಮೊದಲನೆಯದು ಕಿಟಕಿ. ಗಾಜಿನೊಳಗೆ ಸೂಕ್ಷ್ಮ ಲೋಹದ ಜಾಲರಿ ಇರುತ್ತದೆ. ಮೈಕ್ರೊವೇವ್ ಒಲೆಯ ಬಾಗಿಲಲ್ಲಿ ಕಾಣುವಂತಹುದೇ. ಪ್ರೊಜೆಕ್ಟರನ್ನು ಹೊರಗಿಟ್ಟು, ಕಿಟಕಿಯ ಮೂಲಕ ಒಳಗಿನ ಪರದೆಯ ಮೇಲೆ ಚಿತ್ರ ಬಿಡಬಹುದು. ಎರಡನೆಯದು ಗೋಡೆಯಲ್ಲಿ ಕೂರಿಸಿದ ಲೋಹದ ಕೊಳವೆ. 10 ಸೆಂಟಿಮೀಟರ್ ವ್ಯಾಸದ ಕೊಳವೆಯಲ್ಲಿ ಸುಮಾರು 1,760 ಮೆಗಾಹರ್ಟ್ಸ್‌ಗಿಂತ ಕಡಿಮೆ ಆವೃತ್ತಿಯ ತರಂಗಗಳು ಮುಂದೆ ಸಾಗಲಾರವು. ಕೊಳವೆಯ ಉದ್ದ ವ್ಯಾಸದ ಮೂರು ನಾಲ್ಕು ಪಟ್ಟಿದ್ದರೆ ರೇಡಿಯೊ ತರಂಗ ಬಹುತೇಕ ನಶಿಸುತ್ತದೆ. ಬೆಳಕು, ಗಾಳಿ, ಗಾಜಿನ ದ್ಯುತಿತಂತು ಇವೆಲ್ಲ ಧಾರಾಳವಾಗಿ ದಾಟುತ್ತವೆ. ತಾಮ್ರದ ತಂತಿ ಮಾತ್ರ ಇದರೊಳಗೆ ಹೋಗಕೂಡದು. ವಿದ್ಯುತ್ ತಂತಿ ಬೇಕೇಬೇಕೆಂದರೆ ಗೋಡೆಯಲ್ಲೇ ಶೋಧಕ ಮಂಡಲವಿಟ್ಟು ಅದರ ಮೂಲಕ ಒಯ್ಯುತ್ತಾರೆ.

ಮೂರನೆಯ ವಿಧಾನದಲ್ಲಿ ಪರದೆಯನ್ನೇ ಕೊಠಡಿಯೊಳಗಿಟ್ಟು, ಅದರ ಸುತ್ತ ಇನ್ನೊಂದು ಚಿಕ್ಕ ಪಂಜರ ಕಟ್ಟುತ್ತಾರೆ. ಅಲ್ಯೂಮಿನಿಯಮ್ ಅಥವಾ ತಾಮ್ರದ ಪೆಟ್ಟಿಗೆ. ಮುಂಭಾಗದಲ್ಲಿ ಜಾಲರಿ ಅಥವಾ ವಿದ್ಯುದ್ವಾಹಕ ಲೇಪನವಿರುವ ಪಾರದರ್ಶಕ ಗಾಜು. ಚಿತ್ರದ ಸಂಕೇತ ಬರುವುದು ದ್ಯುತಿತಂತುವಿನ ಮೂಲಕ. ಹೊರಗಿನ ಪಂಜರ ಗದ್ದಲವನ್ನು ಒಳಬಿಡದು. ಒಳಗಿನ ಪಂಜರ ಗದ್ದಲವನ್ನು ಹೊರಬಿಡದು.

ಮಲಗಿದ ರೋಗಿ ಪರದೆ ನೋಡುವುದು ಹೇಗೆ? ತಲೆಯ ಸುತ್ತಲಿನ ಸುರುಳಿಯ ಮೇಲೆ ಓರೆಯಾಗಿ ಒಂದು ಕನ್ನಡಿ ಸಾಕು. ಅಕ್ಷರಗಳು ತಿರುಗುಮುರುಗಾಗದಂತೆ ಚಿತ್ರವನ್ನು ಅಗತ್ಯವಿದ್ದರೆ ಮೊದಲೇ ಎಡ-ಬಲ ತಿರುಗಿಸಿರುತ್ತಾರೆ. ಕಣ್ಣಿಗೆ ತೊಡುವ ವಿಡಿಯೊ ಕನ್ನಡಕಗಳೂ ಇವೆ. ಅವು ಸುರುಳಿಯ ಪಕ್ಕದಲ್ಲೇ ಇರುವುದರಿಂದ ಕವಚದ ಕೆಲಸ ಇನ್ನಷ್ಟು ಕಠಿಣ. ಕವಚ ದಪ್ಪವಾದರೆ ಬದಲಾಗುವ ಕಾಂತಕ್ಷೇತ್ರ ಅದರಲ್ಲಿ ಸುಳಿ ಪ್ರವಾಹಗಳನ್ನು ಹುಟ್ಟಿಸಿ ಚಿತ್ರವನ್ನು ಕೆಡಿಸುತ್ತದೆ. ಮೈಗೆ ತಗಲುವ ತಂತಿ ಕಾದು ಸುಟ್ಟ ಗಾಯ ಮಾಡುವ ಅಪಾಯವೂ ಉಂಟು.

ಕಿವಿಗೆ ಗಾಳಿಯ ಕೊಳವೆ

ಯಂತ್ರದ ಬಡಿತದ ಸದ್ದಿಗೆ ಕಾರಣ ಅದರ ಗ್ರೇಡಿಯೆಂಟ್ ಸುರುಳಿಗಳು. ಪ್ರಬಲ ಕಾಂತಕ್ಷೇತ್ರದಲ್ಲಿರುವ ಈ ಸುರುಳಿಗಳಲ್ಲಿ ವಿದ್ಯುತ್ ಪ್ರವಾಹ ಕ್ಷಣಕ್ಷಣಕ್ಕೂ ಬದಲಾಗುತ್ತದೆ. ಫ್ಲೆಮಿಂಗ್‌ನ ಎಡಗೈ ನಿಯಮದಂತೆ ಅವುಗಳ ಮೇಲೆ ಬಲ ಉಂಟಾಗಿ ಅವು ಅದುರುತ್ತವೆ. ಯಂತ್ರವೇ ಒಂದು ದೈತ್ಯ ಧ್ವನಿವರ್ಧಕವಾಗುತ್ತದೆ. ಸದ್ದು 100 ಡೆಸಿಬೆಲ್ ದಾಟಬಹುದು. ಕಿವಿಗೆ ರಕ್ಷಣೆ ಕಡ್ಡಾಯ. ಮಾತು-ಸಂಗೀತವನ್ನು ದೂರದ ಧ್ವನಿವರ್ಧಕದಿಂದ ಪ್ಲಾಸ್ಟಿಕ್ ಕೊಳವೆಯ ಗಾಳಿಯ ಮೂಲಕ ಕಿವಿಗೆ ತಲುಪಿಸುತ್ತಾರೆ. ವೈದ್ಯರ ಸ್ಟೆತಾಸ್ಕೋಪ್ ಕೆಲಸ ಮಾಡುವುದೂ ಹೀಗೆಯೇ.

ತರಗತಿಯಲ್ಲಿ ಮಾಡಿ ನೋಡಿ

ಚಿಕ್ಕ ಎಫ್‌ಎಂ ರೇಡಿಯೊವನ್ನು ಹಚ್ಚಿ, ಕಾಗದದಲ್ಲಿ ಸುತ್ತಿ, ಅದರ ಮೇಲೆ ಅಡುಗೆಮನೆಯ ಅಲ್ಯೂಮಿನಿಯಮ್ ಹಾಳೆಯನ್ನು ಸಂದಿಲ್ಲದಂತೆ ಸುತ್ತಿ. ಕಾರ್ಯಕ್ರಮ ನಿಂತು ಬರಿಯ ಕರಕರ ಸದ್ದು ಉಳಿಯುತ್ತದೆ. ಆಂಟೆನಾದ ಬಳಿ ಚಿಕ್ಕ ರಂಧ್ರ ಮಾಡಿ ಪ್ಲಾಸ್ಟಿಕ್ ಕಡ್ಡಿ ತೂರಿಸಿ, ವ್ಯತ್ಯಾಸವಾಗದು. ಕಡ್ಡಿ ತೆಗೆದು, ಪ್ಲಾಸ್ಟಿಕ್ ಹೊದಿಕೆಯ ಒಂದು ಮೀಟರ್ ತಂತಿಯನ್ನು ತೂರಿಸಿ, ಅದರ ತುದಿ ಆಂಟೆನಾಕ್ಕೆ ತಾಗುವಂತಿಡಿ. ಕಾರ್ಯಕ್ರಮ ಮರಳಿ ಕೇಳಿಸತೊಡಗುತ್ತದೆ. ಎಂಆರ್‌ಐ ಕೊಠಡಿಯ ಗೋಡೆಯಲ್ಲಿ ದ್ಯುತಿತಂತುವಿಗೆ ಅನುಮತಿ, ತಾಮ್ರದ ತಂತಿಗೆ ನಿಷೇಧ ಏಕೆಂಬುದು ವಿದ್ಯಾರ್ಥಿಗಳಿಗೆ ಈಗ ತಾನಾಗಿಯೇ ಹೊಳೆಯುತ್ತದೆ.

ಈ ವ್ಯವಸ್ಥೆಗೂ ಮಿತಿಗಳಿವೆ. ನಗೆಚಿತ್ರ ನೋಡಿ ನಕ್ಕರೆ ತಲೆ ಅಲುಗುತ್ತದೆ. ಕಣ್ಣುಗುಡ್ಡೆಯನ್ನೇ ಚಿತ್ರಿಸುವಾಗ ಓಡುವ ದೃಶ್ಯಗಳು ಸಲ್ಲವು. ತೀರಾ ಎಳೆಯ ಕೂಸುಗಳಿಗೆ, ನೋವಿನಲ್ಲಿರುವವರಿಗೆ ಔಷಧದ ನೆರವು ಬೇಕಾಗಬಹುದು. ಆದರೆ ಪ್ರೊಜೆಕ್ಟರ್ ಹೊರಗೆ, ಪರದೆ ಒಳಗೆ, ಕಣ್ಣೆದುರು ಒಂದು ಕನ್ನಡಿ ಎಂಬ ಸರಳ ಏರ್ಪಾಡಿಗೆ ದುಬಾರಿ ಸಲಕರಣೆ ಬೇಕಿಲ್ಲ. ಜೊತೆಗೆ ಪರೀಕ್ಷೆಗೆ ಮುನ್ನ ಮಗುವಿಗೆ ಯಂತ್ರದ ಸದ್ದನ್ನು ಕೇಳಿಸಿ, ಕೈಯಲ್ಲಿರುವ ರಬ್ಬರ್ ಚೆಂಡನ್ನು ಹಿಸುಕಿದರೆ ಹೊರಗಿನವರಿಗೆ ಕರೆ ಹೋಗುತ್ತದೆಂದು ತಿಳಿಸಿಕೊಟ್ಟರೆ, ಎಷ್ಟೋ ಮಕ್ಕಳು ಎಚ್ಚರವಾಗಿದ್ದೇ ಪರೀಕ್ಷೆ ಮುಗಿಸಬಲ್ಲರು.