ದಿನ ತುಂಬುವದು ಎಂದಿಗೆ?

ಗೋಕಾಕ, ಮೂಡಲಗಿ, ಹುಕ್ಕೇರಿಗಳ ಮನೆಗಳಲ್ಲಿ ಸೊಸೆ ಬಸುರಿಯಾದ ಸುದ್ದಿ ತಿಳಿದೊಡನೆ ಹಿರಿಯರು ಬೆರಳು ಮಡಿಚಿ ಎಣಿಸತೊಡಗುವರು. ಕಾರಹುಣ್ಣಿವೆಯಾದ ನಾಲ್ಕನೆಯ ದಿನ ಆಕೆ ಮುಟ್ಟಾಗಿದ್ದಳೆಂದು ಅತ್ತೆ ಹೇಳಿದರೆ, ಅಲ್ಲ, ಮಣ್ಣೆತ್ತಿನ ಅಮಾವಾಸ್ಯೆಯ ದಿವಸವೆಂದು ನೆಗೆಣ್ಣಿ ತಿದ್ದುವಳು. ಇವೆರಡರ ನಡುವೆ ಹತ್ತು ದಿನಗಳ ಅಂತರವುಂಟು. ಕುಬುಸ ಮಾಡುವದಕ್ಕೆ ಇಷ್ಟು ಹೆಚ್ಚುಕಡಿಮೆಯಾದರೆ ಬಾಧಕವಿಲ್ಲ. ವೈದ್ಯರ ಕೆಲಸಕ್ಕೆ ಮಾತ್ರ ಇದು ಸಣ್ಣ ಮಾತಲ್ಲ.

ಹೆರಿಗೆಯ ದಿನವನ್ನು ಗೊತ್ತುಪಡಿಸುವ ರೂಢಿಯ ಸೂತ್ರವು ಜರ್ಮನಿಯ ನೇಗೆಲೆ ಎಂಬ ಪ್ರಸೂತಿತಜ್ಞನ ಹೆಸರಿನದು. ಕೊನೆಯ ಮುಟ್ಟಿನ ಮೊದಲನೆಯ ದಿನಕ್ಕೆ ಒಂಬತ್ತು ತಿಂಗಳು ಏಳು ದಿನ ಕೂಡಿಸತಕ್ಕದ್ದು. ಅಂದರೆ ಸುಮಾರು 280 ದಿನ. ಜನವರಿ 10ಕ್ಕೆ ಮುಟ್ಟಾದವಳಿಗೆ ಅಕ್ಟೋಬರ 17 ಬರುವದು. ಆದರೆ ಈ ಲೆಕ್ಕದ ಒಳಗೆ ಒಂದು ಊಹೆ ಅಡಗಿದೆ: ಮುಟ್ಟು 28 ದಿನಕ್ಕೊಮ್ಮೆ ಬರುವದು, ಅಂಡವು ಹದಿನಾಲ್ಕನೆಯ ದಿನದ ಸುಮಾರಿಗೆ ಬಿಡುಗಡೆಯಾಗುವದು ಎಂಬುದೇ ಆ ಊಹೆ.

ಎಲ್ಲರ ಶರೀರವೂ ಹೀಗೆ ನಡೆಯುವದಿಲ್ಲ. ಅಂಡದ ಬಿಡುಗಡೆಯನ್ನು ಹಿಂದಿನ ಮುಟ್ಟಿನಿಂದಲ್ಲ, ಮುಂದಿನ ಮುಟ್ಟಿನಿಂದ ಹಿಂದಕ್ಕೆ ಎಣಿಸಬೇಕೆಂಬುದನ್ನು 1920ರ ದಶಕದಲ್ಲಿ ಜಪಾನದ ಒಗಿನೋ, ಆಸ್ಟ್ರಿಯದ ಕ್ನೌಸ್ ಎಂಬ ಇಬ್ಬರು ವೈದ್ಯರು ಬೇರೆ ಬೇರೆಯಾಗಿ ಕಂಡುಕೊಂಡರು. ಆ ಅವಧಿಯು ಸಾಧಾರಣವಾಗಿ ಎರಡು ವಾರ. ಆದುದರಿಂದ 35 ದಿನಕ್ಕೊಮ್ಮೆ ಮುಟ್ಟಾಗುವವಳಲ್ಲಿ ಅಂಡವು 21ನೆಯ ದಿನದ ಸುಮಾರಿಗೆ ಹೊರಬೀಳುವದು. ಅವಳ ಹೆರಿಗೆಯ ದಿನ ಅಕ್ಟೋಬರ 24. ಸೂತ್ರವನ್ನೇ ನಂಬಿದರೆ, ಕೂಸು ತಡಮಾಡಿತೆಂದು ಮನೆಯವರು ಸುಮ್ಮನೆ ಒಂದು ವಾರ ಕಳವಳಪಡುವರು. ಅಕಾಲದಲ್ಲಿ ನೋವು ಬರಿಸುವ ಪ್ರಸಂಗವೂ ಒದಗಬಹುದು. ಮೊಲೆಯುಣಿಸುತ್ತಿರುವಾಗ, ಮುಟ್ಟು ಮರಳುವ ಮೊದಲೇ ಬಸುರಾದವಳಿಗಂತೂ ಎಣಿಸಲು ದಿನವೇ ಇರುವದಿಲ್ಲ.

ತಿಂಗಳ ಲೆಕ್ಕ ತಪ್ಪಿದರೆ ಏನಾಗಬಹುದೆಂಬುದಕ್ಕೆ ನಮ್ಮ ಬೆಳಗಾವಿ ಜಿಲ್ಲೆಯೇ ಸಾಕ್ಷಿಯಾಗಿದೆ. ದಿನ ತುಂಬದೆ ಹುಟ್ಟುವ ಶಿಶುವಿನ ಶ್ವಾಸಕೋಶ ಬಲಿಯಲೆಂದು ತಾಯಿಗೆ ಸ್ಟಿರಾಯ್ಡ್ ಚುಚ್ಚುಮದ್ದು ಕೊಡುವದುಂಟು. ಈ ಜಿಲ್ಲೆಯೂ ಸೇರಿ ಆರು ದೇಶಗಳಲ್ಲಿ ಇದರ ಪರೀಕ್ಷೆ ನಡೆದು, ಫಲವು 2015ರಲ್ಲಿ ಪ್ರಕಟವಾಯಿತು. ಅಲ್ಲಿ ತಿಂಗಳನ್ನು ಮುಟ್ಟಿನ ನೆನಪಿನಿಂದಲೋ, ಹೊಟ್ಟೆಯನ್ನು ಪಟ್ಟಿಯಿಂದ ಅಳೆದೋ ಅಂದಾಜು ಮಾಡುತ್ತಿದ್ದರು. ಮದ್ದು ಪಡೆದ ತಾಯಂದಿರಲ್ಲಿ ಬಹುಮಂದಿಯ ಕೂಸುಗಳು ತೀರ ಸಣ್ಣವಾಗಿರಲಿಲ್ಲ. ಈ ಕ್ರಮ ಜಾರಿಯಲ್ಲಿದ್ದ ಪ್ರದೇಶಗಳಲ್ಲಿ ನವಜಾತ ಶಿಶುಗಳ ಮರಣವು ಸಾವಿರಕ್ಕೆ 27.4, ಉಳಿದೆಡೆ 23.9. ಮುಂದೆ ಬೆಳಗಾವಿಯೂ ಸೇರಿದ್ದ ಐದು ದೇಶಗಳ ಆಸ್ಪತ್ರೆಗಳಲ್ಲಿ, ಸ್ಕ್ಯಾನಿಂಗಿನಿಂದ ತಿಂಗಳನ್ನು ನಿಶ್ಚಯಿಸಿಕೊಂಡು ಅದೇ ಬಗೆಯ ಮದ್ದು ಕೊಡಲಾಯಿತು. 2020ರಲ್ಲಿ ಪ್ರಕಟವಾದ ಆ ಫಲದಲ್ಲಿ ಶಿಶುಮರಣವು ನೂರಕ್ಕೆ 23.5 ಇದ್ದುದು 19.6ಕ್ಕೆ ಇಳಿದಿತ್ತು. ಆಸ್ಪತ್ರೆಯ ಆರೈಕೆಯ ಭೇದವೂ ಇದರಲ್ಲಿ ಇದ್ದೀತು. ಆದರೂ ತಿಂಗಳ ನಿಶ್ಚಯವಿಲ್ಲದೆ ಮದ್ದು ಕೊಡಬಾರದೆಂಬ ಪಾಠ ಸ್ಪಷ್ಟವಾಗಿದೆ.

ಹಾಗಾದರೆ ಗೃಹಸ್ಥರು ಮಾಡತಕ್ಕದ್ದೇನು? ಮೊದಲನೆಯದು, ಮುಟ್ಟಾದ ದಿನವನ್ನು ಗೋಡೆಯ ಪಂಚಾಂಗದಲ್ಲಿ ಗುರುತು ಹಾಕುವ ರೂಢಿ. ಇದರಲ್ಲಿ ನಾಚಿಕೆಪಡುವಂಥದೇನೂ ಇಲ್ಲ. ತಾಯಿ ಕಾರ್ಡಿನಲ್ಲಿ ಆಶಾ ಕಾರ್ಯಕರ್ತೆ ಆ ದಿನವನ್ನು ಬರೆಯಿಸುವಾಗ, ಮುಟ್ಟು ಎಷ್ಟು ದಿನಕ್ಕೊಮ್ಮೆ ಬರುತ್ತಿತ್ತೆಂಬುದನ್ನೂ ತಿಳಿಸಬೇಕು. ಎರಡನೆಯದು, ಮೊದಲ ಮೂರು ತಿಂಗಳೊಳಗೆ ಒಂದು ಸ್ಕ್ಯಾನಿಂಗು. ಆಗ ಭ್ರೂಣದ ಉದ್ದವನ್ನಳೆದು ಹೇಳುವ ದಿನದಲ್ಲಿ ತಪ್ಪು ಐದು-ಏಳು ದಿನಗಳನ್ನು ಮೀರುವದು ಅಪರೂಪ. ಕಡೆಯ ತಿಂಗಳುಗಳಲ್ಲಿ ಒಂದೊಂದು ಕೂಸು ಒಂದೊಂದು ಬಗೆಯಾಗಿ ಬೆಳೆಯುವದರಿಂದ ಎರಡು-ಮೂರು ವಾರ ತಪ್ಪಬಹುದು. ಕೂಸು ಗಂಡೋ ಹೆಣ್ಣೋ ಎಂದು ಕೇಳುವದೂ ಹೇಳುವದೂ 1994ರ ಕಾಯ್ದೆಯಂತೆ ಅಪರಾಧವೆಂಬುದನ್ನು ಮರೆಯಬಾರದು.

2019ರ ಆಗಸ್ಟದಲ್ಲಿ ಘಟಪ್ರಭೆಯ ನೀರು ಗೋಕಾಕ ಪಟ್ಟಣವನ್ನೇ ಹೊಕ್ಕಿತ್ತು. ಮಳೆಗಾಲದಲ್ಲಿ ದಿನ ತುಂಬುವ ಬಸುರಿಯನ್ನು ಹೊಳೆಸಾಲಿನ ಹಳ್ಳಿಯಿಂದ ಯಾವಾಗ ಕರೆತರಬೇಕು, ಕಬ್ಬು ಕಡಿಯುವ ಹಂಗಾಮಿನಲ್ಲಿ ಅವಳಿಗೆ ಎಂದು ಬಿಡುವು ಕೊಡಬೇಕು ಎಂಬ ಪ್ರಶ್ನೆಗಳೂ ಈ ಒಂದು ದಿನದ ಮೇಲೆಯೇ ನಿಂತಿವೆ.

ಆದರೆ ಗೊತ್ತುಪಡಿಸಿದ ದಿನದಂದೇ ಹುಟ್ಟುವ ಕೂಸುಗಳು ಇಪ್ಪತ್ತರಲ್ಲಿ ಒಂದರಷ್ಟು ಮಾತ್ರ. ಆದಕಾರಣ ಎರಡು ವಾರ ಮುಂಚಿತವಾಗಿಯೇ ಬಟ್ಟೆಬರೆ, ವಾಹನ, ಜೊತೆಗೆ ಬರುವವರು ಸಿದ್ಧವಿರಲಿ. ದಿನ ದಾಟಿದರೆ ತಡಮಾಡದೆ ವೈದ್ಯರಲ್ಲಿಗೆ ಹೋಗತಕ್ಕದ್ದು. ಪಂಚಾಂಗದ ಮೇಲಿನ ಒಂದು ಸಣ್ಣ ಗುರುತು ತಾಯಿ-ಕೂಸು ಇಬ್ಬರಿಗೂ ರಕ್ಷೆಯಾದೀತು.