ಕೃತಕ ಕಾಲು ಹಾಕಿಕೊಂಡವರು ಸೈಕಲ್ ತುಳಿಯಬಹುದೇ?

ಶಿವಮೊಗ್ಗದ ನವುಲೆಯಲ್ಲಿ ಬೆಳಗ್ಗೆ ಸವಳಂಗ ರಸ್ತೆಯ ಬದಿ ಸ್ವಲ್ಪ ಹೊತ್ತು ನಿಂತರೆ ಬೈಕು, ಬಸ್ಸುಗಳ ನಡುವೆ ಸೈಕಲ್‌ಗಳೂ ಕಾಣುತ್ತವೆ. ಶಾಲೆಗೆ ಹೋಗುವ ಮಕ್ಕಳು, ಕೆಲಸಕ್ಕೆ ಹೊರಟವರು, ವ್ಯಾಯಾಮಕ್ಕೆಂದು ತುಳಿಯುವವರು. ಇವರಲ್ಲಿ ಒಬ್ಬರು ಅಪಘಾತದಲ್ಲೋ ಸಕ್ಕರೆ ಕಾಯಿಲೆಯಿಂದಲೋ ಒಂದು ಕಾಲು ಕಳೆದುಕೊಂಡರು ಎಂದುಕೊಳ್ಳಿ. ಕೃತಕ ಕಾಲು ಬಂತು, ನಡಿಗೆ ಕಲಿತರು. ಆಮೇಲೆ ಸೈಕಲ್ ಹತ್ತಲು ಹೋದಾಗ ಮನೆಯವರು ಹೇಳುವ ಮಾತು ಸಾಮಾನ್ಯವಾಗಿ ಒಂದೇ: "ನಡೆಯೋದೇ ಹೆಚ್ಚು, ಇನ್ನು ಸೈಕಲ್ ಯಾಕೆ?"

ಈ ಮಾತಿನ ಹಿಂದೆ ಕಾಳಜಿ ಇದೆ. ಆದರೆ ಅದು ನಿಜವೇ? ಸ್ವಲ್ಪ ವಿವರವಾಗಿ ನೋಡೋಣ.

ಚುಟುಕಾಗಿ ಹೇಳುವುದಾದರೆ

ತುಳಿಯಬಹುದು. 2024ರ ಪ್ಯಾರಿಸ್ ಪ್ಯಾರಾಲಿಂಪಿಕ್ಸ್‌ನಲ್ಲಿ ಭಾರತ ಮೊದಲ ಬಾರಿಗೆ ಸೈಕ್ಲಿಂಗ್‌ನಲ್ಲಿ ಸ್ಪರ್ಧಿಸಿತು. ಅಲ್ಲಿಗೆ ಹೋದ ಅರ್ಷದ್ ಶೇಖ್ ಮತ್ತು ಜ್ಯೋತಿ ಗಡೇರಿಯಾ ಇಬ್ಬರೂ ಒಂದೊಂದು ಕಾಲು ಕಳೆದುಕೊಂಡವರೇ. ಆದರೆ ನಡೆಯಲೆಂದು ಮಾಡಿದ ಕಾಲು ತುಳಿಯಲೂ ತಾನಾಗಿಯೇ ಹೊಂದುತ್ತದೆ ಎಂದೇನಿಲ್ಲ. ಹಲವರು ಸೈಕಲ್ ಬಿಡುವುದು ಶಕ್ತಿ ಸಾಲದೆ ಅಲ್ಲ, ಕಾಲು ಹೊಂದದೆ.

ನಡೆಯುವುದಕ್ಕೂ ತುಳಿಯುವುದಕ್ಕೂ ಏನು ವ್ಯತ್ಯಾಸ?

ಸಮತಟ್ಟಾದ ನೆಲದಲ್ಲಿ ನಡೆಯುವಾಗ ನಮ್ಮ ಮಂಡಿ ಹೆಚ್ಚೆಂದರೆ ಸುಮಾರು 60 ಡಿಗ್ರಿ ಮಡಚುತ್ತದೆ. ಸೈಕಲ್ ಪೆಡಲ್ ಮೇಲಕ್ಕೆ ಬಂದಾಗ ಅದೇ ಮಂಡಿ ಸುಮಾರು 110 ಡಿಗ್ರಿ ಮಡಚಬೇಕು. ಸಮಸ್ಯೆ ಶುರುವಾಗುವುದೇ ಇಲ್ಲಿ.

ಮಂಡಿಯ ಕೆಳಗೆ ಕಾಲು ಕಳೆದುಕೊಂಡವರಿಗೆ ಉಳಿದ ಕಾಲು ಕೂರುವ ಬಟ್ಟಲಿನಂಥ ಭಾಗಕ್ಕೆ ಸಾಕೆಟ್ ಎನ್ನುತ್ತಾರೆ. ಇದರ ಹಿಂಬದಿಯ ಅಂಚು ಮಂಡಿಯ ಹಿಂದಿನ ಮಡಿಕೆಯ ಹತ್ತಿರಕ್ಕೆ ಬರುತ್ತದೆ. ನಡೆಯುವಾಗ ಇದರಿಂದ ತೊಂದರೆಯಿಲ್ಲ. ಪೆಡಲ್ ಮೇಲೆ ಬಂದಾಗ ಮಾತ್ರ ಆ ಅಂಚು ತೊಡೆಯ ಹಿಂದಿನ ಸ್ನಾಯುರಜ್ಜುಗಳಿಗೆ ಒತ್ತುತ್ತದೆ. ನಿಮಿಷಕ್ಕೆ 60 ಸುತ್ತು ತುಳಿದರೆ ಹತ್ತು ನಿಮಿಷದಲ್ಲಿ 600 ಸಲ ಅದೇ ಜಾಗಕ್ಕೆ ಒತ್ತು. ಚರ್ಮ ಕೆಂಪಾಗಿ, ಕಿತ್ತು, ಹುಣ್ಣಾದರೆ ಸೈಕಲ್ ಮಾತ್ರವಲ್ಲ, ಅದು ವಾಸಿಯಾಗುವವರೆಗೆ ನಡಿಗೆಯೂ ನಿಲ್ಲುತ್ತದೆ.

ಪರಿಹಾರ: ಹಿಂಬದಿಯ ಅಂಚನ್ನು ತಗ್ಗಿಸಿ, ಹೊರಕ್ಕೆ ಬಾಗಿಸಿ, ನುಣುಪು ಮಾಡುವುದು. ಎಷ್ಟು ತಗ್ಗಿಸಬೇಕು ಎಂಬುದನ್ನು ಕೃತಕ ಕಾಲು ತಯಾರಿಸುವ ತಜ್ಞರೇ ನಿರ್ಧರಿಸಬೇಕು. ಹೆಚ್ಚು ತಗ್ಗಿಸಿದರೆ ನಡೆಯುವಾಗ ಹಿಡಿತ ಸಡಿಲವಾಗುತ್ತದೆ. ಮನೆಯಲ್ಲಿ ಗರಗಸ ಹಿಡಿಯುವ ಕೆಲಸ ಇದಲ್ಲ.

ಪಾದ ಪೆಡಲ್ ಮೇಲೆ ಎಲ್ಲಿರಬೇಕು?

ಎರಡೂ ಕಾಲಿರುವವರು ಬೆರಳ ಬುಡದ ದಪ್ಪ ಭಾಗವನ್ನು ಪೆಡಲ್ ಮೇಲಿಟ್ಟು ತುಳಿಯುತ್ತಾರೆ. ತೊಡೆಯ ಶಕ್ತಿ ಪೆಡಲ್‌ಗೆ ತಲುಪುವಾಗ ಮೀನಖಂಡದ ಸ್ನಾಯು ಪಾದದ ಕೀಲನ್ನು ಬಿಗಿಯಾಗಿ ಹಿಡಿದಿರುತ್ತದೆ. ಕೃತಕ ಕಾಲಿನಲ್ಲಿ ಆ ಸ್ನಾಯು ಇಲ್ಲ. ಮುಂಗಾಲಿನಿಂದ ತುಳಿದರೆ ಪಾದ ಸನ್ನೆಗೋಲಿನಂತೆ ಕೆಲಸ ಮಾಡಿ, ಅದರ ಒತ್ತಡವೆಲ್ಲ ಸಾಕೆಟ್ಟಿನೊಳಗಿನ ಮೂಳೆಯ ತುದಿಗೆ ಬೀಳುತ್ತದೆ.

ಪರಿಹಾರ: ಪಾದದ ನಡುಭಾಗವನ್ನು ಪೆಡಲ್ ಮೇಲಿಡುವುದು. ತುಳಿಯುವ ಬಿಂದು ಕಾಲಿನ ಕಂಬದ ನೇರಕ್ಕೆ ಹತ್ತಿರ ಬಂದಷ್ಟೂ ಸನ್ನೆಯ ಉದ್ದ ಕಡಿಮೆ, ನೋವೂ ಕಡಿಮೆ. ಸ್ಪರ್ಧೆಗಿಳಿಯುವ ಕೆಲವರು ಪಾದವನ್ನೇ ಬಿಟ್ಟು, ಪೆಡಲ್ ಹಿಡಿಯುವ ಕೊಕ್ಕೆಯನ್ನು ನೇರವಾಗಿ ಕಂಬದ ತುದಿಗೆ ಜೋಡಿಸಿಕೊಳ್ಳುವುದೂ ಇದೇ ಕಾರಣಕ್ಕೆ.

ಇನ್ನೊಂದು ತೊಡಕು: ಕೃತಕ ಪಾದಕ್ಕೆ ಸ್ಪರ್ಶಜ್ಞಾನವಿಲ್ಲ. ಅದು ಪೆಡಲ್‌ನಿಂದ ಜಾರುತ್ತಿದ್ದರೂ ತಿಳಿಯುವುದಿಲ್ಲ. ಅಗಲವಾದ ಪೆಡಲ್‌ಗೆ ಪಾದ ಪಕ್ಕಕ್ಕೂ ಮುಂದಕ್ಕೂ ಜಾರದಂತೆ ಚಿಕ್ಕ ಅಂಚು ಕಟ್ಟಿದರೆ ಇದು ಬಹುಮಟ್ಟಿಗೆ ತಪ್ಪುತ್ತದೆ. ಆದರೆ ಪಾದವನ್ನು ಪಟ್ಟಿಯಿಂದ ಬಿಗಿದು ಕಟ್ಟುವುದು ಹೊಸಬರಿಗೆ ಅಪಾಯ. ಬೀಳುವಾಗ ಕಾಲು ಬಿಡಿಸಿಕೊಳ್ಳಲು ಆಗುವುದಿಲ್ಲ.

ಬದಲಾಗಬೇಕಾದ್ದು ಕಾಲೋ, ಸೈಕಲ್ಲೋ?

ಕೆಲವೊಮ್ಮೆ ಸೈಕಲ್ಲೇ. ಪೆಡಲ್ ಜೋಡಿಸಿರುವ ತೋಳಿಗೆ ಕ್ರ್ಯಾಂಕ್ ಎನ್ನುತ್ತಾರೆ. ದೊಡ್ಡವರ ಸೈಕಲ್‌ನಲ್ಲಿ ಅದರ ಉದ್ದ ಸಾಮಾನ್ಯವಾಗಿ 170 ಮಿ.ಮೀ. ಅದನ್ನು ತೆಗೆದು 150 ಮಿ.ಮೀ. ಉದ್ದದ್ದು ಹಾಕಿ, ಸೀಟನ್ನು 20 ಮಿ.ಮೀ. ಏರಿಸಿದೆವು ಎಂದುಕೊಳ್ಳಿ. ಪೆಡಲ್ ಕೆಳಗಿದ್ದಾಗ ಸೀಟಿನಿಂದ ಅದರ ದೂರ ಮೊದಲಿನಷ್ಟೇ ಇರುತ್ತದೆ. ಮೇಲೆ ಬಂದಾಗ ಮಾತ್ರ ಮಂಡಿಗೆ 40 ಮಿ.ಮೀ. ಹೆಚ್ಚು ಜಾಗ ಸಿಗುತ್ತದೆ. ಅಂದರೆ ಮಂಡಿ ಅಷ್ಟು ಮಡಚಬೇಕಾಗಿಲ್ಲ. ಇದಕ್ಕೆ ತೆರಬೇಕಾದ ಬೆಲೆಯೂ ಇದೆ: ತೋಳು ಚಿಕ್ಕದಾದ್ದರಿಂದ ಏರಿನಲ್ಲಿ ಹೆಚ್ಚು ಬಲ ಬೇಕು. ಗೇರ್ ಇರುವ ಸೈಕಲ್ ಆದರೆ ಅನುಕೂಲ.

ಹತ್ತಿ ಇಳಿಯುವುದನ್ನೂ ಯೋಚಿಸಬೇಕು. ನಾವು ರಸ್ತೆಯ ಎಡಬದಿಯಲ್ಲಿ ಹೋಗುವವರು, ನಿಲ್ಲುವಾಗ ಎಡಗಾಲು ಊರುವವರು. ಕೃತಕ ಕಾಲು ಎಡದ್ದಾದರೆ, ನಡುವೆ ಅಡ್ಡಪಟ್ಟಿ ಇಲ್ಲದ, ನಾವು 'ಲೇಡೀಸ್ ಸೈಕಲ್' ಎನ್ನುವ ಮಾದರಿ ಗಂಡಸರಿಗೂ ಸುರಕ್ಷಿತ. ಮೊದಲ ಅಭ್ಯಾಸ ವಾಹನಗಳಿಲ್ಲದ ಮೈದಾನದಲ್ಲಿ, ಒಬ್ಬರು ಜೊತೆಗಿರುವಾಗಲೇ ಆಗಲಿ.

ಮಂಡಿಯ ಮೇಲೆ ಕಾಲು ಹೋಗಿದ್ದರೆ?

ಇದು ಇನ್ನೂ ಕಷ್ಟ, ಆದರೆ ಅಸಾಧ್ಯವಲ್ಲ. ಕೃತಕ ಮಂಡಿ ಬಿಗಿಯದೆ ಸಲೀಸಾಗಿ ಮಡಚಬೇಕು. ಸಾಕೆಟ್ಟಿನ ಮೇಲಂಚು ಸೀಟಿಗೂ ದೇಹಕ್ಕೂ ನಡುವೆ ಸಿಕ್ಕಿ ಚುಚ್ಚಬಾರದು. ಕೆಲವರು ಕೃತಕ ಕಾಲನ್ನು ತೆಗೆದಿಟ್ಟು ಒಂದೇ ಕಾಲಿನಲ್ಲಿ ತುಳಿಯುತ್ತಾರೆ.

ಕೇಳಿಬರುವ ಎರಡು ತಪ್ಪು ಕಲ್ಪನೆಗಳು

"ಓಟಗಾರರು ಹಾಕುವ ಬಾಗಿದ ಕಾರ್ಬನ್ ಕಾಲು ಇದ್ದರೆ ಸೈಕಲ್ಲೂ ಸುಲಭ." ಇಲ್ಲ. ಅದು ಸ್ಪ್ರಿಂಗ್‌ನಂತೆ ಕುಗ್ಗಿ ಚಿಮ್ಮಲೆಂದು ಮಾಡಿದ್ದು. ಸೈಕಲ್‌ನಲ್ಲಿ ಪಾದ ನೆಲಕ್ಕೆ ಅಪ್ಪಳಿಸುವುದೇ ಇಲ್ಲ. ಇಲ್ಲಿ ಬೇಕಾದ್ದು ಕುಗ್ಗುವ ಪಾದವಲ್ಲ, ಗಟ್ಟಿಯಾಗಿ ನಿಲ್ಲುವ ಪಾದ.

"ಕೃತಕ ಕಾಲು ಭಾರ, ಅದಕ್ಕೇ ಸುಸ್ತು." ಮಂಡಿಯ ಕೆಳಗಿನ ಕಾಲು ಮತ್ತು ಪಾದ ಸೇರಿ ನಮ್ಮ ತೂಕದ ಸುಮಾರು ಶೇ. 6ರಷ್ಟಿರುತ್ತದೆ. 60 ಕೆ.ಜಿ. ತೂಗುವವರಲ್ಲಿ ಅದು ಮೂರೂವರೆ ಕೆ.ಜಿ.ಗೂ ಹೆಚ್ಚು. ಕೃತಕ ಕಾಲು ಸಾಮಾನ್ಯವಾಗಿ ಅದಕ್ಕಿಂತ ಹಗುರ. ಆದರೂ ಭಾರ ಎನಿಸುವುದೇಕೆ? ಅದು ಮೂಳೆಗೆ ಅಂಟಿಕೊಂಡಿಲ್ಲ, ಚರ್ಮದ ಮೇಲೆ ಜೋತುಬಿದ್ದಿದೆ. ಸಾಕೆಟ್ ಸಡಿಲವಾದಷ್ಟೂ ಪೆಡಲ್ ಮೇಲೇಳುವಾಗ ಕಾಲು ಕೆಳಗೆ ಜಗ್ಗಿದಂತಾಗುತ್ತದೆ. ಬೆವರಿದಾಗ ಇದು ಹೆಚ್ಚು. ನಡುವೆ ನಿಲ್ಲಿಸಿ, ಕಾಲು ಬಿಚ್ಚಿ, ಬೆವರು ಒರೆಸಿ ಮತ್ತೆ ಹಾಕಿಕೊಳ್ಳುವುದು ಒಳ್ಳೆಯದು.

ಜೈಪುರ ಕಾಲು ಕಲಿಸಿದ ಪಾಠ

1968ರಲ್ಲಿ ಜೈಪುರದ ಸವಾಯಿ ಮಾನ್‌ಸಿಂಗ್ ಆಸ್ಪತ್ರೆಯಲ್ಲಿ ಕುಶಲಕರ್ಮಿ ರಾಮಚಂದ್ರ ಶರ್ಮಾ ಮತ್ತು ಮೂಳೆತಜ್ಞ ಡಾ. ಪಿ.ಕೆ. ಸೇಥಿ 'ಜೈಪುರ ಕಾಲು' ರೂಪಿಸಿದರು. ಆಗ ಸಿಗುತ್ತಿದ್ದ ವಿದೇಶಿ ಮಾದರಿಯ ಪಾದಕ್ಕೆ ಶೂ ಬೇಕಿತ್ತು. ಅದರಲ್ಲಿ ಕುಕ್ಕರಗಾಲಲ್ಲಿ ಕೂರುವುದು, ಚಕ್ಕಳಮಕ್ಕಳ ಹಾಕುವುದು, ಬರಿಗಾಲಲ್ಲಿ ಕೆಸರು ಗದ್ದೆಗಿಳಿಯುವುದು ಕಷ್ಟವಾಗಿತ್ತು. ಶರ್ಮಾ ಅವರ ಸೈಕಲ್ ಪಂಕ್ಚರ್ ಆಗಿ, ಅಂಗಡಿಯಲ್ಲಿ ಲಾರಿ ಟೈರಿಗೆ ರಬ್ಬರ್ ಹಾಕುವುದನ್ನು ಕಂಡಾಗ ರಬ್ಬರ್ ಪಾದದ ಯೋಚನೆ ಬಂತೆಂದು ಹೇಳುತ್ತಾರೆ. ಅದೇನೇ ಇರಲಿ, ಅವರು ಕೇಳಿಕೊಂಡ ಪ್ರಶ್ನೆ ಮುಖ್ಯ: ಈ ಮನುಷ್ಯ ದಿನವಿಡೀ ಏನು ಮಾಡುತ್ತಾನೆ?

ಸೈಕಲ್‌ಗೂ ಅದೇ ಪ್ರಶ್ನೆ ಬೇಕು. ನವುಲೆಯಲ್ಲೇ 1980ರಲ್ಲಿ ಆರಂಭವಾದ ಜವಾಹರಲಾಲ್ ನೆಹರು ಇಂಜಿನಿಯರಿಂಗ್ ಕಾಲೇಜಿದೆ. ಅಂಚು ಕಟ್ಟಿದ ಪೆಡಲ್, ಉದ್ದ ಹೊಂದಿಸಬಹುದಾದ ಕ್ರ್ಯಾಂಕ್ ಇಂಥವು ಕೊನೆಯ ವರ್ಷದ ಪ್ರಾಜೆಕ್ಟ್‌ಗೆ ಹೇಳಿ ಮಾಡಿಸಿದ ವಿಷಯಗಳು. ಆದರೆ ಅಳತೆ ತೆಗೆಯುವಾಗ ಅದನ್ನು ಬಳಸುವವರೂ ಕಾಲು ತಯಾರಿಸುವ ತಜ್ಞರೂ ಜೊತೆಗಿರಬೇಕು.

ನೀವೇನು ಮಾಡಬಹುದು?

ಕಾಲಿನ ಅಳತೆ ಕೊಡಲು ಹೋದಾಗಲೇ "ನಾನು ಸೈಕಲ್ ತುಳಿಯಬೇಕು" ಎಂದು ಹೇಳಿ. ಸಾಧ್ಯವಾದರೆ ಸೈಕಲ್ ಮೇಲೆ ಕೂತ ಫೋಟೊ ತೋರಿಸಿ. ಕೇಂದ್ರ ಸರ್ಕಾರದ ಅಡಿಪ್ ಯೋಜನೆಯಲ್ಲಿ ಅರ್ಹರಿಗೆ ಸಾಧನ ಸಲಕರಣೆಗಳ ನೆರವಿದೆ. ನಮಗೆ ಹತ್ತಿರದ ದಾವಣಗೆರೆಯಲ್ಲಿ ಅಂಗವಿಕಲರ ಸಂಯುಕ್ತ ಪ್ರಾದೇಶಿಕ ಕೇಂದ್ರ ಇದೆ. ಬೆಂಗಳೂರಿನ ಮೊಬಿಲಿಟಿ ಇಂಡಿಯಾ ಸಂಸ್ಥೆ 1994ರಿಂದ ಈ ಕ್ಷೇತ್ರದಲ್ಲಿ ಕೆಲಸ ಮಾಡುತ್ತಿದೆ.

ತುಳಿಯಲು ಶುರುಮಾಡಿದ ಮೇಲೆ ಪ್ರತಿದಿನ ಕಾಲು ಬಿಚ್ಚಿ ಚರ್ಮ ನೋಡಿ. ಹಿಂಬದಿ ಕಾಣದಿದ್ದರೆ ಕನ್ನಡಿ ಬಳಸಿ. ಕೆಂಪು ಗುರುತು ಸ್ವಲ್ಪ ಹೊತ್ತಿನಲ್ಲಿ ಮಾಯವಾಗದಿದ್ದರೆ, ಗುಳ್ಳೆ ಎದ್ದರೆ, ಸೈಕಲ್ ನಿಲ್ಲಿಸಿ ತಜ್ಞರಿಗೆ ತೋರಿಸಿ. ಸಕ್ಕರೆ ಕಾಯಿಲೆ ಇರುವವರಿಗೆ ನೋವೇ ತಿಳಿಯದಿರಬಹುದು. ಹಾಗಾಗಿ ಅವರು ವೈದ್ಯರನ್ನು ಕೇಳಿಯೇ ಶುರುಮಾಡಬೇಕು, ದಿನವೂ ತಪ್ಪದೆ ನೋಡಿಕೊಳ್ಳಬೇಕು.

ಇನ್ನು ಮನೆಯವರಿಗೆ ಒಂದು ಮಾತು. "ಸೈಕಲ್ ಯಾಕೆ?" ಎಂದು ಕೇಳುವ ಬದಲು "ಎಲ್ಲಿ ಒತ್ತುತ್ತೆ?" ಎಂದು ಕೇಳಿ ನೋಡಿ. ಈ ಎರಡನೆಯ ಪ್ರಶ್ನೆಗೆ ಬಹಳ ಸಲ ಪರಿಹಾರ ಇರುತ್ತದೆ.