ಚೆಕ್-ಇನ್ ಆಟ ಉಳಿಸಿಹೋದ ನಕ್ಷೆ

ಬಳಕೆದಾರ ಇರುವ ಜಾಗವನ್ನು ತಿಳಿದುಕೊಂಡು ಅದಕ್ಕೆ ತಕ್ಕಂತೆ ಮೊಬೈಲಿನಲ್ಲಿ ಒದಗುವ ಸೌಲಭ್ಯಗಳನ್ನು ಸ್ಥಳಾಧಾರಿತ ಸೇವೆಗಳು ಎನ್ನಲಾಗುತ್ತದೆ. ಆಟೋ ಕರೆಯುವುದಕ್ಕೂ ಊಟ ತರಿಸುವುದಕ್ಕೂ ಇಂದು ಇವೇ ಆಧಾರವಾಗಿದ್ದರೂ, ಇವುಗಳ ಮೊದಲ ಪ್ರಯೋಗಗಳು ನಡೆದ ಕಾಲದಲ್ಲಿ ಸಾಮಾನ್ಯ ಫೋನುಗಳಿಗೆ ತಾವಿರುವ ಜಾಗವನ್ನು ಗುರುತಿಸುವ ಶಕ್ತಿಯೇ ಇರಲಿಲ್ಲ. ಈ ಶತಮಾನದ ಆರಂಭದಲ್ಲಿ ನ್ಯೂಯಾರ್ಕಿನಲ್ಲಿ ಡೆನ್ನಿಸ್ ಕ್ರೌಲಿ ಮತ್ತು ಅಲೆಕ್ಸ್ ರೈನರ್ಟ್ ರೂಪಿಸಿದ ಡಾಡ್ಜ್‌ಬಾಲ್ ಸೇವೆಯಲ್ಲಿ, ಬಳಕೆದಾರನೇ ತಾನಿರುವ ಹೋಟೆಲಿನ ಹೆಸರನ್ನು ಎಸ್‌ಎಂಎಸ್ ಮಾಡಬೇಕಿತ್ತು. ಗೂಗಲ್ ಇದನ್ನು 2005ರಲ್ಲಿ ಕೊಂಡು, 2009ರಲ್ಲಿ ಮುಚ್ಚಿತು.

ಅಷ್ಟರಲ್ಲಿ ಫೋನೇ ಬದಲಾಗಿತ್ತು. ಜಿಪಿಎಸ್ ಎಂದರೆ ಸುಮಾರು 20,000 ಕಿಲೋಮೀಟರ್ ಎತ್ತರದಲ್ಲಿ ಸುತ್ತುವ ಉಪಗ್ರಹಗಳ ವ್ಯವಸ್ಥೆ. ಅವುಗಳಲ್ಲಿ ಕನಿಷ್ಠ ನಾಲ್ಕರಿಂದ ಬರುವ ಸಂಕೇತಗಳು ತೆಗೆದುಕೊಂಡ ಸಮಯವನ್ನು ಲೆಕ್ಕಹಾಕಿ ಫೋನು ತನ್ನ ನೆಲೆಯನ್ನು ಕಂಡುಕೊಳ್ಳುತ್ತದೆ. ನಾಗರಿಕ ಬಳಕೆಯ ಸಂಕೇತದಲ್ಲಿ ಬೇಕೆಂದೇ ಸೇರಿಸುತ್ತಿದ್ದ ದೋಷವನ್ನು ಅಮೆರಿಕ ಸರ್ಕಾರ 2000ದ ಮೇ ತಿಂಗಳಲ್ಲಿ ನಿಲ್ಲಿಸಿತ್ತು; 2008ರಲ್ಲಿ ಐಫೋನ್ 3ಜಿ ಹಾಗೂ ಮೊದಲ ಆಂಡ್ರಾಯ್ಡ್ ಫೋನು ಜಿಪಿಎಸ್ ಸಹಿತ ಮಾರುಕಟ್ಟೆಗೆ ಬಂದವು.

ಮರುವರ್ಷ ಕ್ರೌಲಿ, ನವೀನ್ ಸೆಲ್ವದುರೈ ಜೊತೆಗೂಡಿ ಟೆಕ್ಸಾಸ್‌ನ ಆಸ್ಟಿನ್ ನಗರದಲ್ಲಿ ಫೋರ್‌ಸ್ಕ್ವೇರ್ ಸೇವೆಯನ್ನು ಪ್ರಾರಂಭಿಸಿದರು. ಹೋದ ಜಾಗದಲ್ಲಿ ಚೆಕ್-ಇನ್ ಮಾಡಿ ಹಾಜರಿ ಹಾಕುವುದು, ಒಂದೇ ಅಂಗಡಿಗೆ ಎಲ್ಲರಿಗಿಂತ ಹೆಚ್ಚು ದಿನ ಹೋದವನು ಅದರ ‘ಮೇಯರ್’ ಎನಿಸಿಕೊಳ್ಳುವುದು, ಇದೇ ಅದರ ಆಟ. ಗೊವಾಲಾ ಎಂಬ ಪ್ರತಿಸ್ಪರ್ಧಿ ಎದುರಿಗಿತ್ತು, 2010ರಲ್ಲಿ ಫೇಸ್‌ಬುಕ್ ಕೂಡ ಅಖಾಡಕ್ಕಿಳಿಯಿತು. ಗೊವಾಲಾ ಬಹುಬೇಗ ಕಣ್ಮರೆಯಾಯಿತು. ಚೆಕ್-ಇನ್ ಹುಚ್ಚೂ ಕ್ರಮೇಣ ಇಳಿಯಿತು.

ಆದರೆ ಆ ಆಟವನ್ನು ಹುಡುಗಾಟಿಕೆಯೆಂದು ತಳ್ಳಿಹಾಕಿದವರು ಅದರ ನಿಜವಾದ ಫಲವನ್ನು ಗಮನಿಸಲಿಲ್ಲ ಎನ್ನಬೇಕು. ಉಪಗ್ರಹಗಳ ಸಂಕೇತದಿಂದ ಸಿಗುವುದು ಅಕ್ಷಾಂಶ, ರೇಖಾಂಶಗಳು ಮತ್ತು ಒರಟು ಅಂದಾಜಿನ ಎತ್ತರ ಮಾತ್ರ. ಆ ಬಿಂದುವಿನಲ್ಲಿರುವ ಕಟ್ಟಡದ ಕೆಳಮಹಡಿಯಲ್ಲಿ ಔಷಧದಂಗಡಿಯೂ ಮೇಲಿನದರಲ್ಲಿ ಕಾಫಿ ಹೋಟೆಲೂ ಇದ್ದರೆ, ಮನುಷ್ಯ ಹೊಕ್ಕಿರುವುದು ಯಾವುದನ್ನು ಎಂಬುದು ಅದರಿಂದ ತಿಳಿಯದು. ಪ್ರತಿಯೊಂದು ಚೆಕ್-ಇನ್ ಕೂಡ, ಆ ಕ್ಷಣದಲ್ಲಿ ಫೋನು ಗ್ರಹಿಸುತ್ತಿದ್ದ ಜಿಪಿಎಸ್ ಮತ್ತು ವೈಫೈ ಸಂಕೇತಗಳಿಗೆ ಒಬ್ಬ ಮನುಷ್ಯ ಖುದ್ದಾಗಿ ಅಂಗಡಿಯ ಹೆಸರನ್ನು ಅಂಟಿಸಿದ ಸಾಕ್ಷ್ಯವಾಗಿತ್ತು. ಇಂಥ ಕೋಟ್ಯಂತರ ಸಾಕ್ಷ್ಯಗಳನ್ನು ಕೂಡಿಸಿಕೊಂಡ ಫೋರ್‌ಸ್ಕ್ವೇರ್, ಯಾರೂ ಗುಂಡಿ ಒತ್ತದಿದ್ದರೂ ಫೋನು ಯಾವ ಅಂಗಡಿಯಲ್ಲಿದೆ ಎಂದು ಊಹಿಸುವ ತಂತ್ರವನ್ನು ಕಟ್ಟಿತು. 2016ರಲ್ಲಿ ಚಿಪೋಟ್ಲೆ ಎಂಬ ಅಮೆರಿಕದ ಹೋಟೆಲ್ ಸರಣಿಯ ಹಳೆಯ ಮಳಿಗೆಗಳ ಮೂರು ತಿಂಗಳ ವಹಿವಾಟು ಸುಮಾರು ಶೇಕಡಾ 30ರಷ್ಟು ಕುಸಿಯುವುದೆಂದು ಅದು ಮುಂಚಿತವಾಗಿಯೇ ಹೇಳಿತು. ಚಿಪೋಟ್ಲೆ ನಂತರ ಪ್ರಕಟಿಸಿದ ಕುಸಿತ ಶೇಕಡಾ 29.7.

ಅಲ್ಲಿಗೆ ವ್ಯಾಪಾರದ ಸ್ವರೂಪವೇ ಬೇರೆಯಾಯಿತು. ಚೆಕ್-ಇನ್ ಮಾಡುವವನು ತನ್ನಿಚ್ಛೆಯಿಂದ, ತಿಳಿದೇ ಜಾಗವನ್ನು ಹೇಳುತ್ತಿದ್ದ. ಹಿನ್ನೆಲೆಯಲ್ಲಿ ಓಡುವ ಆ್ಯಪ್ ಆ ಮಾಹಿತಿಯನ್ನು ಸದ್ದಿಲ್ಲದೆ ರವಾನಿಸುತ್ತದೆ, ಮತ್ತು ಅದಕ್ಕೆ ಹಣ ಕೊಡುವವರು ಜಾಹೀರಾತುದಾರರು. ಎಂದೋ ಒಮ್ಮೆ ಒತ್ತಿದ ಅನುಮತಿಯನ್ನೇ ಎಂದೆಂದಿನ ಸಮ್ಮತಿಯೆಂದು ಭಾವಿಸುವ ಈ ಪದ್ಧತಿ ನ್ಯಾಯವೆನಿಸುವುದಿಲ್ಲ. ಇತ್ತ ಫೋರ್‌ಸ್ಕ್ವೇರ್ 2024ರ ನವೆಂಬರಿನಲ್ಲಿ ಹತ್ತು ಕೋಟಿಗೂ ಮಿಕ್ಕಿದ ಸ್ಥಳಗಳ ಪಟ್ಟಿಯನ್ನು ಸಾರ್ವಜನಿಕರ ಮುಕ್ತ ಬಳಕೆಗೆ ಬಿಟ್ಟಿತು, ಮರುತಿಂಗಳೇ ನಗರ ಮಾರ್ಗದರ್ಶಿಯಾಗಿದ್ದ ತನ್ನ ಹಳೆಯ ಆ್ಯಪನ್ನು ನಿಲ್ಲಿಸಿತು. ಬಳಕೆದಾರನ ಕೈಗೆ ಈಗ ದಕ್ಕಿರುವುದು ಫೋನಿನ ಸೆಟ್ಟಿಂಗ್ಸ್‌ನಲ್ಲಿರುವ ಸಣ್ಣ ಆಯ್ಕೆ: 2020ರಿಂದ ಐಫೋನಿನಲ್ಲಿ, 2021ರ ಆಂಡ್ರಾಯ್ಡ್ 12ರಿಂದೀಚೆಗೆ ಉಳಿದ ಫೋನುಗಳಲ್ಲಿ, ಒಂದು ಆ್ಯಪಿಗೆ ನಿಖರ ಜಾಗದ ಬದಲು ಅಂದಾಜು ಪ್ರದೇಶವನ್ನಷ್ಟೇ ಕೊಡಬಹುದು, ಆಟೋ ಕರೆಯಲು ಅದು ಸಾಲದು, ಮಳೆಯ ಮುನ್ಸೂಚನೆಗೆ ಧಾರಾಳ ಸಾಕು.